‘ಯಾರಲ್ಲಿ?’ ಎಂದು ಕೂಗುವ ರಾಜನ ಕನ್ನಡ ಯಾವೂರದು? ಐತಿಹಾಸಿಕ ಹಾಸ್ಯಚಿತ್ರಗಳಲ್ಲಿ ವೈವಿಧ್ಯ, ಪ್ರಾತಿನಿಧ್ಯ ಅಂದರೆ ಏನು

ಹೋದ ದಸರಾ ರಜೆಯಲ್ಲಿ ನಮ್ಮ ಅಣ್ಣನ ಮಗಳು ತನ್ನ ಹುಬ್ಬಳ್ಳಿ ಕಾಲೇಜಿನ ಗೆಳೆಯ-ಗೆಳತಿಯರನ್ನು ಕಟ್ಟಿಕೊಂಡು ಮೊಬೈಲಿನಲ್ಲೇ ಇಪ್ಪತ್ತು ನಿಮಿಷದ ಒಂದು ಸಿನಿಮಾ ಮಾಡಲು ಹೊರಟಳು. ಲಕ್ಕುಂಡಿಗೆ ಹೋಗಿ ಬಂದ ಮೇಲೆ ಹುಟ್ಟಿದ ಕಥೆ ಅದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಅನ್ನೋದು ಅವರಿಗೆ ಅಲ್ಲಿ ತಿಳಿದಿತ್ತು. ಅದನ್ನೇ ತಿರುಗಿಸಿ, ತನ್ನನ್ನು ಹೊಗಳುವ ಕಾವ್ಯವನ್ನು ಸಾವಿರ ಪ್ರತಿ ಬರೆಸಲು ಹಟ ಹಿಡಿದ ಒಬ್ಬ ಕಾಲ್ಪನಿಕ ರಾಜ, ಓಲೆಗರಿ ಕೊರೆದು ಕೊರೆದು ಬೆರಳು ಸೊಟ್ಟಗಾದ ಮೂವರು ಲಿಪಿಕಾರರು ಎಂದು ಹಾಸ್ಯದ ಕಥೆ ಹೆಣೆದಿದ್ದರು. ಗದಗ ಹತ್ತಿರದ ಒಂದು ಹಳೆಯ ವಾಡೆಯಲ್ಲಿ ಚಿತ್ರೀಕರಣ. ಸಂಭಾಷಣೆ ತಿದ್ದಿಕೊಡಲು ನನ್ನನ್ನು ಕರೆದಿದ್ದರು.

ತಾಲೀಮಿನ ಎರಡನೇ ದಿನ ಲಿಪಿಕಾರನ ಪಾತ್ರ ಮಾಡುತ್ತಿದ್ದ ಹುಡುಗ ಓದುವುದನ್ನು ನಿಲ್ಲಿಸಿ ಕೇಳಿದ: “ಅಲ್ರೀ ಕಾಕಾ, ರಾಜಾನೂ ಇದ ಊರಾಂವ, ನಾವೂ ಇದ ಊರಾವ್ರು. ಮತ್ತ ಅಂವಾ ಯಾಕ ಪಾಠದ ಪುಸ್ತಕದಂಗ ಮಾತಾಡ್ತಾನ, ನಾವಷ್ಟ ಯಾಕ ಹಿಂಗ ಮಾತಾಡ್ತೀವಿ? ಮಂದಿ ನಗಲಿ ಅಂತನ?”

ಸಂಭಾಷಣೆ ತಿದ್ದಿದವನು ನಾನು. ನನಗದು ಹೊಳೆದೇ ಇರಲಿಲ್ಲ.

ಅಲ್ಲಿಂದ ಚರ್ಚೆ ಶುರುವಾಯಿತು. ಒಬ್ಬಳು ‘ಪ್ರಾತಿನಿಧ್ಯ’ ಅಂದಳು, ಇನ್ನೊಬ್ಬ ‘ವೈವಿಧ್ಯ’ ಅಂದ, ಮತ್ತೊಬ್ಬ “ಹಾಸ್ಯದಾಗ ಇದೆಲ್ಲಾ ನೋಡ್ಕೋತ ಕೂತ್ರ ಮುಗೀತು” ಅಂದ. ಈ ಪದಗಳು ಈಗ ಎಲ್ಲ ಕಡೆ ಕೇಳುತ್ತವೆ. ಮನೆಯ ಟಿವಿಯಲ್ಲೇ ಎಲ್ಲ ದೇಶದ ರಾಜ-ರಾಣಿಯರ ಕಥೆ ಬರುವ ಕಾಲವಿದು. ಇಂಗ್ಲೆಂಡಿನ ಅರಮನೆಯ ಕಥೆಯಲ್ಲಿ ಕಪ್ಪು ವರ್ಣದ ರಾಣಿಯನ್ನೋ ಭಾರತೀಯ ಮೂಲದ ನಾಯಕನನ್ನೋ ಕಂಡು ‘ಇದ್ಹೆಂಗ?’ ಎಂದು ಕೇಳುವವರು ನಮ್ಮ ಮನೆಯಲ್ಲೂ ಇದ್ದಾರೆ. ಆ ಹುಡುಗರಿಗೆ ಹೇಳಲು ಪ್ರಯತ್ನಿಸಿದ್ದನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಕುರ್ಚಿ ಯಾರದು, ಮಾತು ಯಾರದು

ಹಿಂದಿನ ಕಾಲದಲ್ಲಿ ನಡೆಯುವ, ನಗಿಸಲೆಂದೇ ಮಾಡಿದ ಸಿನಿಮಾವನ್ನು ಐತಿಹಾಸಿಕ ಹಾಸ್ಯಚಿತ್ರ ಅನ್ನೋಣ. ರಾಜ ನಿಜವಾಗಿ ಬದುಕಿದ್ದವನಾಗಿರಬಹುದು, ಕಾಲ್ಪನಿಕನಾಗಿರಬಹುದು. ಪೋಷಾಕು, ಅರಮನೆ, ಕತ್ತಿ ಎಲ್ಲ ಅಂದಿನವು. ಆದರೆ ನಗುವ ಪ್ರೇಕ್ಷಕ ಇಂದಿನವನು. ಹಾಗಾಗಿ ಇಂಥ ಚಿತ್ರ ಒಂದೇ ಹೊತ್ತಿಗೆ ಎರಡು ಸಂಗತಿ ಹೇಳಿಬಿಡುತ್ತದೆ: ಅಂದು ಯಾರ್ಯಾರು ಇದ್ದರು ಎಂದು, ಮತ್ತು ಇಂದು ಯಾರನ್ನು ಕಂಡು ನಗಬಹುದು ಎಂದು.

ವೈವಿಧ್ಯ ಅಂದರೆ ತೆರೆಯ ಮೇಲೆ ಎಷ್ಟು ಬಗೆಯ ಜನ ಇದ್ದಾರೆ ಎಂಬ ಲೆಕ್ಕ: ಹೆಣ್ಣು, ಗಂಡು, ಬೇರೆ ಬೇರೆ ಜಾತಿ-ಧರ್ಮ, ಬಣ್ಣ, ಭಾಷೆ, ಅಂಗವೈಕಲ್ಯ ಇರುವವರು, ಲಿಂಗತ್ವ ಅಲ್ಪಸಂಖ್ಯಾತರು. ಪ್ರಾತಿನಿಧ್ಯ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಬಂದವರು ಏನು ಮಾಡುತ್ತಾರೆ, ಅವರಿಗೆ ಹೆಸರಿದೆಯೇ, ಕಥೆಯ ತಿರುವಿನಲ್ಲಿ ಅವರ ಕೈವಾಡ ಇದೆಯೇ, ಅವರ ಮಾತನ್ನು ಬರೆದವರು ಯಾರು?

ಹುಡುಗರಿಗೆ ಇದು ತಿಳಿದದ್ದು ಗ್ರಾಮ ಪಂಚಾಯಿತಿ ಉದಾಹರಣೆಯಿಂದ. ಮಹಿಳಾ ಮೀಸಲು ಸ್ಥಾನದಿಂದ ಗೆದ್ದ ಸದಸ್ಯೆ ಸಭೆಗೆ ಬರುತ್ತಾರೆ, ಹಾಜರಿ ಪುಸ್ತಕದಲ್ಲಿ ಸಹಿ ಇರುತ್ತದೆ. ಆದರೆ ಕೆಲವು ಊರುಗಳಲ್ಲಿ ಮಾತೆಲ್ಲ ಅವರ ಗಂಡನದು. ಕುರ್ಚಿ ಲೆಕ್ಕ ಹಾಕಿದರೆ ವೈವಿಧ್ಯ ಇದೆ. ಠರಾವು ಯಾರ ಮಾತಿನಂತೆ ಆಯಿತು ಎಂದು ನೋಡಿದರೆ ಪ್ರಾತಿನಿಧ್ಯ ಇಲ್ಲ. ರಾಜನ ಹಿಂದೆ ಚಾಮರ ಬೀಸುತ್ತ ಸಿನಿಮಾ ಪೂರ್ತಿ ನಿಂತ ಹತ್ತು ಹೆಣ್ಣುಮಕ್ಕಳದೂ ಅದೇ ಕಥೆ.

ನಗು ಯಾವ ಕಡೆಗೆ ಹರಿಯುತ್ತದೆ

ಗಂಭೀರ ಚಿತ್ರದಲ್ಲಿ ಒಬ್ಬನನ್ನು ಕೆಟ್ಟದಾಗಿ ತೋರಿಸಿದರೆ ನೋಡುವವನಿಗೆ ಗೊತ್ತಾಗುತ್ತದೆ, ಅವನು ವಾದಿಸಬಹುದು. ಹಾಸ್ಯದಲ್ಲಿ ಹಾಗಲ್ಲ. ನಗು ಮೊದಲು ಬಂದುಬಿಡುತ್ತದೆ, ಯೋಚನೆ ಆಮೇಲೆ. ಥಿಯೇಟರಿನಲ್ಲಿ ಮುನ್ನೂರು ಜನ ಒಟ್ಟಿಗೆ ನಕ್ಕಾಗ, ನಗೆಗೆ ಗುರಿಯಾದ ಊರಿನವನೋ ಜಾತಿಯವನೋ ಅಲ್ಲೇ ಕೂತಿದ್ದರೆ ಅವನೂ ನಗಬೇಕಾಗುತ್ತದೆ. ಇಲ್ಲದಿದ್ದರೆ ‘ಚೇಷ್ಟಾ ತಿಳಿಯಂಗಿಲ್ಲ’ ಅನ್ನಿಸಿಕೊಳ್ಳುತ್ತಾನೆ. ಅದಕ್ಕೇ ಹಾಸ್ಯವನ್ನು ಅಳೆಯುವವರು ಮೊದಲು ದಿಕ್ಕು ನೋಡುತ್ತಾರೆ. ಬಲ ಇರುವವನ ಮೇಲೆ ನಗುತ್ತಿದ್ದೇವೋ, ಬಲ ಇಲ್ಲದವನ ಮೇಲೆ ನಗುತ್ತಿದ್ದೇವೋ?

ನಮ್ಮ ಜನರ ಬಾಯಲ್ಲಿ ಉಳಿದ ತೆನಾಲಿ ರಾಮಕೃಷ್ಣನ ಕಥೆಗಳಲ್ಲಿ ನಗು ಮೇಲಕ್ಕೆ ಹರಿಯುತ್ತದೆ. ಪೇಚಿಗೆ ಸಿಗುವವರು ರಾಜ, ರಾಜಗುರು, ಬೀಗುವ ಪಂಡಿತರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟಿಸಿದ ‘ತುಘಲಕ್’ ಹಾಸ್ಯನಾಟಕವೇನಲ್ಲ. ಆದರೂ ಅದರ ಅಜೀಜನನ್ನು ನೋಡಿ. ಬಟ್ಟೆ ಒಗೆಯುವ ಮುಸ್ಲಿಂ ಬಡವ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಹೂಡಿ ಗೆಲ್ಲುತ್ತಾನೆ. ನಗು ಬರುವುದು ಅವನ ಕಸುಬಿನಿಂದಲ್ಲ. ಸುಲ್ತಾನನ ನ್ಯಾಯದ ದೊಡ್ಡ ಮಾತುಗಳಲ್ಲಿ ಎಷ್ಟು ಸಂದು ಇವೆ ಎಂದು ಅವನು ತೋರಿಸಿಕೊಡುವುದರಿಂದ.

ಅಮೆರಿಕದ ಸಿನಿಮಾಗಳಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಮೆಲ್ ಬ್ರೂಕ್ಸ್ ನಿರ್ದೇಶಿಸಿದ 1974ರ ‘ಬ್ಲೇಜಿಂಗ್ ಸ್ಯಾಡಲ್ಸ್’. ಕಥೆ 1874ರದು. ಬಿಳಿಯರ ಊರೊಂದಕ್ಕೆ ಕಪ್ಪು ವರ್ಣದ ಷರೀಫ್, ಅಂದರೆ ಊರಿನ ಪೊಲೀಸ್ ಅಧಿಕಾರಿ, ಬರುತ್ತಾನೆ. ಚಿತ್ರದ ತುಂಬ ಒರಟು ಮಾತುಗಳಿವೆ, ಆದರೆ ಹಾಸ್ಯ ತಿರುಗಿ ಬಡಿಯುವುದು ಅವನನ್ನು ಒಳಗೆ ಬಿಟ್ಟುಕೊಳ್ಳದ ಊರವರ ದಡ್ಡತನಕ್ಕೆ. ಬರೆದವರ ತಂಡದಲ್ಲಿ ಕಪ್ಪು ವರ್ಣದ ಹಾಸ್ಯಗಾರ ರಿಚರ್ಡ್ ಪ್ರಯರ್ ಇದ್ದರು. ಲೇಖಣಿ ಯಾರ ಕೈಯಲ್ಲಿದೆ ಅನ್ನೋದಕ್ಕೂ ಚಾಟಿ ಯಾರ ಮೇಲೆ ಬೀಳುತ್ತದೆ ಅನ್ನೋದಕ್ಕೂ ಸಂಬಂಧ ಇರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕೆಳಕ್ಕೆ ಹರಿಯುವ ನಗುವಿನ ಇತಿಹಾಸವೂ ಹಳೆಯದೇ. ನಾಟ್ಯಶಾಸ್ತ್ರ ವಿದೂಷಕನನ್ನು ಬಣ್ಣಿಸುವಾಗ ಕುಳ್ಳ, ಗೂನುಬೆನ್ನಿನವ, ಉಬ್ಬುಹಲ್ಲಿನವ, ಬೋಳುತಲೆಯವ ಎನ್ನುತ್ತದೆ. ಬಾಯಿ ತೆರೆಯುವ ಮೊದಲೇ ಮೈಯನ್ನೇ ನಗೆಯ ವಸ್ತುವಾಗಿಸಿದ ಈ ಅಚ್ಚು ರಾಜರ ಕಾಲದ ಸಿನಿಮಾಗಳಿಗೂ ಇಳಿದು ಬಂದಿದೆ. ಆಸ್ಥಾನದಲ್ಲಿ ತೊದಲುವವನೊಬ್ಬ, ಕಿವುಡನೊಬ್ಬ ಇರಲೇಬೇಕು ಎಂಬಂತೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಸಿನಿಮಾ ಪ್ರಕರಣದಲ್ಲಿ ಇದರ ಬಗ್ಗೆ ಉಪಯುಕ್ತವಾದ ಗೆರೆ ಎಳೆಯಿತು. ಅಂಗವೈಕಲ್ಯದ ಬಗ್ಗೆ ನಮ್ಮ ತಪ್ಪು ತಿಳುವಳಿಕೆಯನ್ನು ಅಲುಗಾಡಿಸುವ ಹಾಸ್ಯ ಬೇರೆ, ಅಂಗವೈಕಲ್ಯ ಇರುವವರನ್ನೇ ಕುಗ್ಗಿಸುವ ಹಾಸ್ಯ ಬೇರೆ ಎಂದು ಅದು ವಿಂಗಡಿಸಿತು. ಜಾತಿ, ಬಣ್ಣ, ಭಾಷೆಗೂ ಇದೇ ಜರಡಿ ಹಿಡಿದು ನೋಡಬಹುದು.

ತಿರುಳ್ಗನ್ನಡದ ನಾಡಿನವರು ಆಳಿನ ಪಾತ್ರಕ್ಕೆ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ನಮಗೆ ಹೆಚ್ಚು ತಟ್ಟುವುದೂ ಇದೇ.

ಪಾತ್ರದ ಅಂತಸ್ತಿಗೆ ತಕ್ಕ ಭಾಷೆ ಕೊಡುವುದು ಸಂಸ್ಕೃತ ನಾಟಕದಷ್ಟು ಹಳೆಯ ಪದ್ಧತಿ. ಅಲ್ಲಿ ರಾಜ, ಮಂತ್ರಿ ಸಂಸ್ಕೃತದಲ್ಲಿ ಮಾತಾಡುತ್ತಾರೆ. ಬಹುತೇಕ ಹೆಂಗಸರು, ಆಳುಗಳು, ಕಸುಬುದಾರರು ಪ್ರಾಕೃತದಲ್ಲಿ. ವಿದೂಷಕ ಬ್ರಾಹ್ಮಣನೇ ಆದರೂ ಅವನಿಗೂ ಪ್ರಾಕೃತವೇ. ಕಂಪನಿ ನಾಟಕಗಳಲ್ಲೂ ಇದರ ನೆರಳಿತ್ತು. ರಾಜನ ಕಥೆ ಗ್ರಾಂಥಿಕ ಕನ್ನಡದಲ್ಲಿ, ನಡುನಡುವೆ ಬರುವ ಹಾಸ್ಯ ಪ್ರಸಂಗ ಆಡುಮಾತಿನಲ್ಲಿ. ಸಿನಿಮಾ ಬಂದಾಗ ಈ ಪದ್ಧತಿ ಹಾಗೇ ಅಲ್ಲಿಗೆ ದಾಟಿತು. ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಂಡಿತು. ಸಿನಿಮಾ ತಯಾರಾಗುತ್ತಿದ್ದ ಊರುಗಳು ದಕ್ಷಿಣದವು. ಅಲ್ಲಿನವರ ಕಿವಿಗೆ ‘ಬೇರೆ’ ಎನಿಸಿದ್ದು ನಮ್ಮ ಮಾತು. ಹೀಗಾಗಿ ಧಾರವಾಡ ಕಡೆಯ ಕನ್ನಡ ನಗೆಪಾತ್ರದ ಗುರುತಾಗುವುದು ಸುಲಭವಾಯಿತು. ಯಾರೋ ಕೂತು ಅವಮಾನ ಮಾಡಬೇಕೆಂದು ಯೋಜಿಸಿದ್ದಲ್ಲ. ರೂಢಿ ಹೀಗೇ ಕಟ್ಟಿಕೊಳ್ಳುತ್ತದೆ.

ಇತಿಹಾಸ ಮಾತ್ರ ಬೇರೆ ಮಾತು ಹೇಳುತ್ತದೆ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರುಗಳ ಎಲ್ಲೆ ಹಾಕಿ ತೋರಿಸಿದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಒಂಕುಂದ ಇವತ್ತಿನ ಬೆಳಗಾವಿ ಜಿಲ್ಲೆಯಲ್ಲಿದೆ. ಪುಲಿಗೆರೆ ನಮ್ಮ ಗದಗ ಜಿಲ್ಲೆಯ ಲಕ್ಷ್ಮೇಶ್ವರ. 10ನೇ ಶತಮಾನದಲ್ಲಿ ಪಂಪ ತಾನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಹೆಮ್ಮೆಯಿಂದ ಹೇಳಿಕೊಂಡ. ಚಾಲುಕ್ಯರ ಬಾದಾಮಿ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರ. ಅಂದರೆ ಆ ಕಾಲದ ಕಥೆಯಲ್ಲಿ ‘ಶಿಷ್ಟ’ ಕನ್ನಡ ಯಾವುದು ಎಂದು ಹುಡುಕಿಕೊಂಡು ಹೊರಟವರು ಬರಬೇಕಾದದ್ದು ಈ ಕಡೆಗೇ.

ಇಲ್ಲೊಂದು ಎಚ್ಚರಿಕೆ ಬೇಕು. ಇಂದಿನ ಧಾರವಾಡದ ಮಾತೇ ಅಂದಿನ ರಾಜರ ಮಾತು ಎಂದರೆ ಅದೂ ತಪ್ಪು. ಅಂದು ಇದ್ದದ್ದು ಹಳಗನ್ನಡ. ಅದನ್ನೇ ಇಟ್ಟರೆ ಪ್ರೇಕ್ಷಕನಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಯಾವ ನಿರ್ದೇಶಕನೂ ಇಂದಿನ ಯಾವುದೋ ಒಂದು ಕನ್ನಡವನ್ನು ಆರಿಸಿಕೊಳ್ಳಲೇಬೇಕು. ರಾಜನಿಗೆ ಪಠ್ಯಪುಸ್ತಕದ ಕನ್ನಡ ಕೊಟ್ಟಾಗ ಅದು ಇತಿಹಾಸದ ಒತ್ತಾಯದಿಂದ ಬಂದದ್ದಲ್ಲ, ಆಯ್ಕೆಯಿಂದ ಬಂದದ್ದು. ಆಯ್ಕೆ ಅಂದ ಮೇಲೆ ‘ಯಾಕೆ ಹಿಂಗ?’ ಎಂದು ಕೇಳಬಹುದು.

ನಮ್ಮ ಮಾತಿನಲ್ಲೇ ನಗು ಇದೆ, ಅದಕ್ಕೇ ಹಾಸ್ಯಕ್ಕೆ ಬಳಸುತ್ತಾರೆ ಎಂಬ ವಾದವೂ ಉಂಟು. ಇದಕ್ಕೆ ಉತ್ತರ ಉತ್ತರ ಕರ್ನಾಟಕದ ಜಾನಪದ ರಂಗಕಲೆಯಾದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿದೆ. ಅಲ್ಲಿ ಕೃಷ್ಣ, ರುಕ್ಮಿಣಿ, ಸತ್ಯಭಾಮೆ ಎಲ್ಲರೂ ಆಡುವುದು ನಮ್ಮ ಕಡೆಯ ಮಾತನ್ನೇ. ರಾತ್ರಿಯಿಡೀ ಕೂತು ನೋಡುವ ಜನ ಭಾಮೆಯ ಸಿಟ್ಟಿಗೆ, ಗೊಲ್ಲತಿಯ ಪ್ರಸಂಗದ ಮಾತಿನ ಚಕಮಕಿಗೆ ನಗುತ್ತಾರೆ. ದೇವರು ‘ಹೌದೇನ’ ಅಂದದ್ದಕ್ಕೆ ಯಾರೂ ನಗುವುದಿಲ್ಲ. ಎಲ್ಲರಿಗೂ ಒಂದೇ ಮಾತು ಕೊಟ್ಟಾಗ ನಗು ಮಾತಿನ ಜಾಣತನಕ್ಕೆ ಹೋಗುತ್ತದೆ, ಮಾತಾಡುವವನ ಊರಿಗೆ ಹೋಗುವುದಿಲ್ಲ.

ಭಾಷೆಯ ಹಾಸ್ಯವನ್ನು ಮೇಲಕ್ಕೆ ತಿರುಗಿಸಲೂ ಬರುತ್ತದೆ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ‘ಸ’ ಬರಬೇಕಾದ ಕಡೆಯಲ್ಲೆಲ್ಲ ‘ಶ’ ಎನ್ನುತ್ತ ನಗೆಪಾಟಲಾಗುವ ಶಕಾರ ಬಡವನಲ್ಲ, ರಾಜನ ಮೈದುನ. ಕಾರ್ನಾಡರು 1984ರಲ್ಲಿ ಹಿಂದಿಯಲ್ಲಿ ಮಾಡಿದ ‘ಉತ್ಸವ್’ ಚಿತ್ರಕ್ಕೆ ಈ ನಾಟಕವೇ ಆಧಾರ.

“ಆ ಕಾಲದಾಗ ಇಂಥವ್ರು ಇದ್ದರೇನು?”

ವೈವಿಧ್ಯದ ವಿರುದ್ಧ ಬರುವ ಮೊದಲ ಆಕ್ಷೇಪ ಇದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಸಿಗಬೇಕಾದದ್ದು ಹಳೆಯ ಸಿನಿಮಾಗಳಲ್ಲಲ್ಲ, ದಾಖಲೆಗಳಲ್ಲಿ.

16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟದ್ದು ಹೀಗಿದೆ: ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರಿದ್ದರು, ಜ್ಯೋತಿಷ ಹೇಳುವವರಿದ್ದರು, ಒಳಗಿನ ಖರ್ಚಿನ ಲೆಕ್ಕ ಬರೆಯುವವರಿದ್ದರು. ರಾಜ್ಯದ ವಿದ್ಯಮಾನಗಳನ್ನು ಬರೆದು, ಹೊರಗಿನ ಬರಹಗಾರರ ಪುಸ್ತಕದ ಜೊತೆ ತಾಳೆ ನೋಡುವವರೂ ಹೆಂಗಸರೇ. ರಾತ್ರಿ ಕಾವಲಿನವರೂ ಅವರೇ. ಲೆಕ್ಕ ತಾಳೆ ಆಗದೆ ಜಗಳಕ್ಕೆ ನಿಂತ ಇಬ್ಬರು ಗುಮಾಸ್ತರು, ಒಬ್ಬಳು ಒಳಗಿನವಳು, ಒಬ್ಬ ಹೊರಗಿನವನು. ಎಂಥ ಚಂದದ ಹಾಸ್ಯ ಸನ್ನಿವೇಶ! ಚಾಮರದ ದಾಸಿಯರನ್ನು ನೋಡಿ ನೋಡಿ ನಮಗೆ ಇವರು ಹೊಳೆಯದೇ ಹೋದರು.

ನಮ್ಮ ಭಾಗವನ್ನೂ ಆಳಿದ ಬಿಜಾಪುರದ ಆದಿಲ್‌ಶಾಹಿಯಲ್ಲಿ ಆಫ್ರಿಕಾ ಮೂಲದ ಹಬಶಿಗಳು ದೊಡ್ಡ ಹುದ್ದೆಗೆ ಏರಿದ್ದರು. ಮುಹಮ್ಮದ್ ಆದಿಲ್‌ಶಾ ಮತ್ತು ಅವನ ಮಂತ್ರಿ ಇಖ್ಲಾಸ್ ಖಾನ್ ಒಂದೇ ಆನೆಯ ಮೇಲೆ ಕೂತ ವರ್ಣಚಿತ್ರ ಇಂದಿಗೂ ಉಳಿದಿದೆ. ಯಲ್ಲಾಪುರ, ಹಳಿಯಾಳ, ಕಲಘಟಗಿ ಸುತ್ತಿನ ಕಾಡಂಚಿನಲ್ಲಿ ಸಿದ್ದಿಗಳು ತಲೆಮಾರುಗಳಿಂದ ಕನ್ನಡ, ಕೊಂಕಣಿ ಮಾತಾಡಿಕೊಂಡು ಬದುಕಿದ್ದಾರೆ. ಆದರೂ ರಾಜರ ಕಾಲದ ಸಿನಿಮಾದಲ್ಲಿ ಗುಂಗುರು ಕೂದಲಿನವನು ಬಂದರೆ ಅವನು ಕಾಡಿನ ನರಭಕ್ಷಕನೋ ಖಳನ ಕಾವಲುಗಾರನೋ ಆಗಿರುತ್ತಾನೆಂದು ನಾವು ಮೊದಲೇ ಅಂದುಕೊಂಡುಬಿಡುತ್ತೇವೆ. ವಿಜಯನಗರದ ಇಮ್ಮಡಿ ದೇವರಾಯನ ಸೇನೆಯಲ್ಲಿ ಮುಸ್ಲಿಂ ಬಿಲ್ಲುಗಾರರಿದ್ದರು. ಇಂಗ್ಲೆಂಡಿನಲ್ಲಿ 8ನೇ ಹೆನ್ರಿಯ 1511ರ ಉತ್ಸವದ ಚಿತ್ರಸುರುಳಿಯಲ್ಲಿ ಜಾನ್ ಬ್ಲ್ಯಾಂಕ್ ಎಂಬ ಕಪ್ಪು ವರ್ಣದ ಕಹಳೆಗಾರ ಕುದುರೆಯ ಮೇಲೆ ಕಾಣುತ್ತಾನೆ. ಇಂಥ ಕಡೆ ವೈವಿಧ್ಯವನ್ನು ಹೊಸದಾಗಿ ಸೇರಿಸುವ ಪ್ರಶ್ನೆಯೇ ಇಲ್ಲ, ಅಳಿಸಿಹೋದವರನ್ನು ಮರಳಿ ಬರೆಯುವುದಷ್ಟೇ.

ಇದಕ್ಕೊಂದು ಮಗ್ಗುಲು ಇದೆ. ಎಲ್ಲರನ್ನೂ ಆಸ್ಥಾನದಲ್ಲಿ ಸಮಸಮವಾಗಿ ಕೂರಿಸಿ, ಎಲ್ಲರೂ ನಕ್ಕು ಉಂಡು ಹೋದರು ಎಂದು ತೋರಿಸಿದರೆ ಆ ಕಾಲದ ಅನ್ಯಾಯವೇ ಮಾಯವಾಗುತ್ತದೆ. ಅಂದಿನ ಕೆರೆ, ಗುಡಿ, ಬೀದಿ ಎಲ್ಲರಿಗೂ ತೆರೆದಿರಲಿಲ್ಲ. ಅದನ್ನು ಮುಚ್ಚಿಟ್ಟ ಸಿನಿಮಾ ಬಣ್ಣಬಣ್ಣವಾಗಿರಬಹುದು, ನಿಜವಾಗಿರುವುದಿಲ್ಲ. ಹಾಸ್ಯಕ್ಕೆ ಇಲ್ಲಿ ಗಂಭೀರ ಚಿತ್ರಕ್ಕಿಲ್ಲದ ಒಂದು ಅನುಕೂಲ ಇದೆ. ಕಟ್ಟಳೆಯನ್ನು ಹಾಗೇ ತೋರಿಸಿ, ಅದನ್ನು ಹಾಕಿದವನ ಮೇಲೆ ನಗಿಸಬಹುದು.

ಯಾರ ಪಾತ್ರಕ್ಕೆ ಯಾರು ಬಣ್ಣ ಹಚ್ಚಬೇಕು

2019ರಲ್ಲಿ ಅರ್ಮಾಂಡೋ ಇಯನೂಚಿ ಡಿಕನ್ಸನ ಡೇವಿಡ್ ಕಾಪರ್‌ಫೀಲ್ಡ್ ಕಥೆಯನ್ನು ಹಾಸ್ಯಚಿತ್ರವಾಗಿಸಿದಾಗ ನಾಯಕನ ಪಾತ್ರ ಮಾಡಿದವರು ಭಾರತೀಯ ಮೂಲದ ದೇವ್ ಪಟೇಲ್. ಆ ಚಿತ್ರದಲ್ಲಿ ಕಪ್ಪು ವರ್ಣದ ತಾಯಿಗೆ ಬಿಳಿಯ ಮಗನಿದ್ದಾನೆ, ಯಾರೂ ಅದಕ್ಕೆ ಕಾರಣ ಹೇಳುವುದಿಲ್ಲ. ನಟರ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆಯ್ಕೆ ಇದು.

ವಿಚಿತ್ರ ಅನ್ನಿಸಿದರೆ ನಮ್ಮ ಬಯಲಾಟ ನೆನಪಿಸಿಕೊಳ್ಳಿ. ಮೀಸೆ ಬೋಳಿಸಿದ ಗಂಡಸು ದ್ರೌಪದಿಯಾಗುತ್ತಾನೆ, ನಾವು ಕಣ್ಣೀರು ಹಾಕುತ್ತೇವೆ. ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಹಿರಿಯರು ಮರಾಠಿ ರಂಗಭೂಮಿಯ ನಟ ಬಾಲಗಂಧರ್ವರ ಸ್ತ್ರೀಪಾತ್ರಗಳಿಗೆ ಮರುಳಾಗಿದ್ದರು. ಆಟದ ಒಪ್ಪಂದ ತಿಳಿದ ಪ್ರೇಕ್ಷಕ ಏನನ್ನೂ ನಂಬಬಲ್ಲ.

ಹಾಗಾದರೆ ಯಾರು ಏನು ಬೇಕಾದರೂ ಮಾಡಬಹುದೇ? ಎರಡು ಕಡೆ ತೊಡಕಿದೆ. ಬಾಲಗಂಧರ್ವರು ಸೀರೆ ಉಟ್ಟದ್ದು ಪಾತ್ರದ ಚೆಲುವಿಗೆ. ಹಾಸ್ಯಚಿತ್ರದಲ್ಲಿ ಗಂಡಸು ಸೀರೆ ಉಟ್ಟದ್ದೇ ನಗೆಯಾದಾಗ ಅದು ಲಿಂಗತ್ವ ಅಲ್ಪಸಂಖ್ಯಾತರ ಬದುಕಿಗೆ ತಾಗುತ್ತದೆ. ಚೌಡಿಕೆ ಹಿಡಿದು ಊರೂರು ತಿರುಗಿದ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರ ಪದ್ಮಶ್ರೀ ಪಡೆದರು. ಅಂಥ ಕಲಾವಿದರು ಇರುವ ನಾಡಿನಲ್ಲಿ ಅವರ ಪಾತ್ರವನ್ನು ಅಣಕದ ನಡಿಗೆಗೆ ಇಳಿಸುವುದು ನನಗೆ ನೋವಿನ ಸಂಗತಿ. ಎರಡನೆಯದು ಮುಖಕ್ಕೆ ಕಪ್ಪು ಬಳಿಯುವುದು. 19ನೇ ಶತಮಾನದ ಅಮೆರಿಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಹಚ್ಚಿಕೊಂಡು ಕಪ್ಪು ಜನರನ್ನು ಅಣಕಿಸುವುದೇ ಒಂದು ದೊಡ್ಡ ಮನರಂಜನೆಯಾಗಿತ್ತು. ಅದಕ್ಕೇ ಅಲ್ಲಿನವರಿಗೆ ಅದು ಇಂದಿಗೂ ಉರಿಯುತ್ತದೆ. ಬೆಳ್ಳಗಿನ ನಟನಿಗೆ ಮಸಿ ಬಳಿದು ಬುಡಕಟ್ಟಿನವನನ್ನಾಗಿ ಮಾಡುವ ನಮ್ಮ ರೂಢಿಯಲ್ಲಿ, ಅಣಕದ ಜೊತೆಗೆ ಒಬ್ಬ ಸಿದ್ದಿ ಕಲಾವಿದನ ಕೆಲಸವೂ ಹೋಗುತ್ತದೆ.

ಕಾನೂನು, ನಿಯಮ

ಆಸ್ಕರ್ ಪ್ರಶಸ್ತಿಗೆ ‘ಎಲ್ಲ ಬಣ್ಣದವರನ್ನೂ ಹಾಕಲೇಬೇಕು’ ಎಂಬ ನಿಯಮ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2020ರಲ್ಲಿ ಪ್ರಕಟವಾಗಿ 2024ರ ಪ್ರಶಸ್ತಿಯಿಂದ ಜಾರಿಯಾದ ಮಾನದಂಡ ಅತ್ಯುತ್ತಮ ಚಿತ್ರ ವಿಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಅದರಲ್ಲಿ ನಾಲ್ಕು ಬಾಬುಗಳಿವೆ: ತೆರೆಯ ಮೇಲಿನವರು, ತೆರೆಯ ಹಿಂದಿನ ತಂಡ, ಕಲಿಯುವವರಿಗೆ ಅವಕಾಶ, ಪ್ರಚಾರ-ವಿತರಣೆಯ ತಂಡ. ನಾಲ್ಕರಲ್ಲಿ ಎರಡು ಪೂರೈಸಿದರೆ ಸಾಕು. ತೆರೆಯ ಮೇಲೆ ಬರೀ ಬಿಳಿಯ ಗಂಡಸರೇ ಇರುವ ಐತಿಹಾಸಿಕ ಚಿತ್ರವೂ ಉಳಿದ ಬಾಬುಗಳಿಂದ ಅರ್ಹವಾಗಬಹುದು. ನಮ್ಮಲ್ಲಿ ಇಂಥ ಲೆಕ್ಕ ಇಲ್ಲ. ಸೆನ್ಸಾರ್ ಮಾರ್ಗಸೂಚಿಗಳು ಹೆಂಗಸರನ್ನು, ಸಮುದಾಯಗಳನ್ನು, ಅಂಗವೈಕಲ್ಯ ಇರುವವರನ್ನು ಹೀಯಾಳಿಸಬಾರದು ಎನ್ನುತ್ತವೆ. ಯಾರನ್ನು ಸೇರಿಸಬೇಕು ಎಂದು ಹೇಳುವುದಿಲ್ಲ.

ವಾಡೆಯಲ್ಲಿ ಆದದ್ದು

ಚಿತ್ರಕಥೆ ಮತ್ತೆ ಬರೆದೆವು. ನೂನಿಜನ ಮಾತು ಕೇಳಿದ ಮೇಲೆ ಮೂವರು ಲಿಪಿಕಾರರಲ್ಲಿ ಹಿರಿಯವನ ಪಾತ್ರ ಹೆಣ್ಣಾಯಿತು. ಅಣ್ಣನ ಮಗಳೇ ಅದನ್ನು ಮಾಡಿದಳು. ಸಾವಿರ ಪ್ರತಿಯಲ್ಲೂ ರಾಜನ ಬಿರುದಿನ ಒಂದೊಂದು ಅಕ್ಷರ ತಪ್ಪಾಗಿ ಕೊರೆಯುವ ಉಪಾಯ ಅವಳ ಪಾತ್ರದ್ದು. ತೊದಲುವ ಮಂತ್ರಿಯ ತೊದಲು ತೆಗೆದೆವು. ಅವನು ಈಗ ಸರಾಗವಾಗಿ ಸುಳ್ಳು ಹೇಳುತ್ತಾನೆ, ಮೊದಲಿಗಿಂತ ಹೆಚ್ಚು ನಗಿಸುತ್ತಾನೆ. ಕೆಳಜಾತಿಯ ಓಲೆಗರಿ ತರುವವನನ್ನು ಅಂಗಳದಲ್ಲೇ ನಿಲ್ಲಿಸುವ ದೃಶ್ಯ ಇಡಬೇಕೋ ಬೇಡವೋ ಎಂದು ಎರಡು ರಾತ್ರಿ ಜಗಳವಾಯಿತು. ಕೊನೆಗೆ ಇಟ್ಟೆವು. ಅವನು ಹೊರಗೇ ಕೂತ, ಅವನು ಗರಿ ಕೊಡುವವರೆಗೆ ಒಳಗೆ ರಾಜನ ಹೊಗಳಿಕೆ ಒಂದು ಸಾಲೂ ಮುಂದೆ ಹೋಗಲಿಲ್ಲ.

ಮೂರನೇ ದಿನ ಮೊದಲ ದೃಶ್ಯ. ರಾಜನ ಪಾತ್ರದ ಹುಡುಗ ಹಾವೇರಿಯವನು. ಮೊದಲ ಟೇಕಿನಲ್ಲಿ ರೂಢಿಯಂತೆ “ಯಾರಲ್ಲಿ?” ಎಂದು ಗುಡುಗಿದ. ನಿಲ್ಲಿಸಿದೆವು. ಒಂದು ಗುಟುಕು ನೀರು ಕುಡಿದು, ಸಿಂಹಾಸನ ಮಾಡಿದ್ದ ಅಜ್ಜನ ಕಾಲದ ಕುರ್ಚಿಯಲ್ಲಿ ಮತ್ತೆ ಕೂತು, ಮನೆಯಲ್ಲಿ ಕರೆಯುವ ದನಿಯಲ್ಲೇ ಕರೆದ: “ಯಾರದಾರಲೇ ಅಲ್ಲಿ?”

ಕ್ಯಾಮೆರಾ ಹಿಂದಿದ್ದ ಯಾರೂ ನಗಲಿಲ್ಲ. ಪಡಸಾಲೆಯಿಂದ ಲಿಪಿಕಾರ ಓಡಿ ಬಂದ: “ಬಂದೆರೀ ಸರಕಾರ.”